ಮೂರನೇ ಜಾಗ

ವಿದ್ಯಾನಗರ, ಶಿವಮೊಗ್ಗ
ಸೋಮವಾರ, 10 ನವೆಂಬರ್ 2025

ತನುಜಾ,

ಮೊದಲಿನ ಹಾಗೆ 'ಚಿ. ಸೌ.' ಅಂತ ಶುರು ಮಾಡಿದರೆ ನೀನು ಅಲ್ಲಿಗೇ ಕಾಗದ ಮಡಿಚಿಡುತ್ತೀಯ. 'ಶ್ರೀಮತಿ' ಅಂದರೆ ಬ್ಯಾಂಕಿನ ನೋಟೀಸು ಅಂದುಕೊಳ್ಳುತ್ತೀಯ. ಅದಕ್ಕೇ ಬರೀ ಹೆಸರು. ಬೇರೆ ಮನೆ ಮಾಡಿ ಆರು ವರ್ಷವಾದ ಮೇಲೆ ಗಂಡ ಹೆಂಡತಿಯನ್ನು ಹೇಗೆ ಸಂಬೋಧಿಸಬೇಕು ಅಂತ ಯಾರೂ ಬರೆದಿಟ್ಟ ಹಾಗಿಲ್ಲ.

ಫೋನು ಬಿಟ್ಟು ಕಾಗದ ಯಾಕೆ ಅಂತ ನಿನಗನ್ನಿಸಬಹುದು. ಅದಕ್ಕೆ ಆಮೇಲೆ ಬರುತ್ತೇನೆ. ಇದನ್ನು ಭದ್ರಾವತಿ ಬಸ್ಸಿನ ಡ್ರೈವರ್ ಪುಟ್ಟಣ್ಣನ ಕೈಗೆ ಕೊಡುತ್ತಿದ್ದೇನೆ. ಲಗ್ನಪತ್ರಿಕೆಯಿಂದ ಹಿಡಿದು ಬಿ.ಪಿ. ಮಾತ್ರೆಯವರೆಗೆ ಎಷ್ಟೋ ಮುಟ್ಟಿಸಿದ್ದಾನೆ, ಒಂದನ್ನೂ ಬಿಚ್ಚಿ ನೋಡಿದವನಲ್ಲ. ಅಷ್ಟು ನಂಬಿಕೆ ಈಗ ನನಗೆ ನನ್ನ ಆಫೀಸಿನ ಕಂಪ್ಯೂಟರಿನ ಮೇಲೂ ಇಲ್ಲ.

ವಿಷಯ ನಮ್ಮ ಮಗಳು ಪ್ರಿಯದರ್ಶಿನಿಯದು. ಬರುವ ಶನಿವಾರ ಅವಳು ನಮ್ಮ ಹದಿನೆಂಟು ಹುಡುಗ ಹುಡುಗಿಯರನ್ನು ಕರೆದುಕೊಂಡು ಹೊರದೇಶದ ಹೊಸ ಸೆಂಟರಿಗೆ ಹೊರಡುವವಳಿದ್ದಾಳೆ. ಅವಳು ಹೋಗಬಾರದು. ನಾನು ತಡೆಯುವ ಹಾಗಿಲ್ಲ. ನೀನು ತಡೆಯಬೇಕು.

'ಈ ಮನುಷ್ಯ ಒಂದು ಮಾತು ಹೇಳಲು ಹತ್ತು ಮಾತು ಸುತ್ತುತ್ತಾನೆ' ಅಂತ ನೀನು ಅನ್ನುತ್ತಿದ್ದೆ. ಈ ಸಲ ಹತ್ತೂ ಬೇಕು, ಕೇಳು.

ನಮ್ಮ ಕಂಪನಿಯ ಕೆಲಸ ನಿನಗೆ ಗೊತ್ತು. ಹೊರದೇಶದ ಒಂದು ಆನ್‌ಲೈನ್ ಅಂಗಡಿಯವರ ಗಿರಾಕಿಗಳು 'ಸೋಫಾ ಬಂದಿಲ್ಲ, ಬಂದದ್ದಕ್ಕೆ ಕಾಲಿಲ್ಲ' ಅಂತ ಬೈದರೆ ರವೀಂದ್ರನಗರದ ಎರಡು ಮಹಡಿಯಲ್ಲಿ ಕೂತ ನಮ್ಮ ಮಕ್ಕಳು 'ಕ್ಷಮಿಸಿ' ಅನ್ನಬೇಕು. ಭದ್ರಾವತಿಯಲ್ಲಿ ಕಂಬ ಹತ್ತಿ ಕೇಬಲ್ ಎಳೆಯುತ್ತಿದ್ದವನು ಬೇರೆಯವರ ಪರವಾಗಿ ಕ್ಷಮೆ ಕೇಳುವುದನ್ನೇ ಉದ್ಯೋಗ ಮಾಡಿಕೊಂಡೆ, ಅದೂ ಚೆನ್ನಾಗಿಯೇ ನಡೆಯಿತು. ಫೆಬ್ರವರಿಯಲ್ಲಿ ಆ ಅಂಗಡಿಯವರು ಒಂದು ಮೇಲ್ ಕಳಿಸಿದರು. ಎಲ್ಲ ಕೆಲಸವನ್ನೂ ಒಂದೇ ದೇಶದಲ್ಲಿ ಇಡುವುದು ಅಪಾಯವಂತೆ. ಡಿಸೆಂಬರಿನೊಳಗೆ ಇನ್ನೊಂದು ದೇಶದಲ್ಲೂ ನಮ್ಮದೊಂದು ಸೆಂಟರು ಇರಬೇಕು, ಇಲ್ಲದಿದ್ದರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ಇಷ್ಟು ದಿನ ಅವರು ದೇಶ ಹುಡುಕಿಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ಈಗ ನಾನೇ ಭೂಪಟ ಹರವಿಕೊಂಡು ದೇಶ ಹುಡುಕಬೇಕಾಯಿತು.

ಮೂರು ಜಾಗ ನೋಡಿದೆ. ಫಿಲಿಪ್ಪೀನ್ಸಿನ ಊರಲ್ಲಿ ಲಿಫ್ಟಿನ ಹುಡುಗನ ಇಂಗ್ಲಿಷ್ ಕೇಳಿಯೇ ನನಗೆ ನಮ್ಮ ಟೀಮ್ ಲೀಡರುಗಳ ಮೇಲೆ ಕನಿಕರ ಹುಟ್ಟಿತು. ಆದರೆ ಬಾಡಿಗೆ ಕೊಟ್ಟು ಸಂಬಳ ಕೊಟ್ಟರೆ ನನಗೆ ಉಳಿಯುವುದು ಆ ಇಂಗ್ಲಿಷ್ ಒಂದೇ. ವಿಯೆಟ್ನಾಂನಲ್ಲಿ ಎಲ್ಲ ಶಿಸ್ತು. ಪ್ರತಿ ಕಾಗದಕ್ಕೂ ಒಬ್ಬ ಅಧಿಕಾರಿ, ಆ ಅಧಿಕಾರಿಗೆ ಇನ್ನೊಂದು ಕಾಗದ. ಪರವಾನಗಿ ಕೈಗೆ ಬರುವಾಗ ಯುಗಾದಿ ಕಳೆದಿರುತ್ತಿತ್ತು.

ಮೂರನೇ ಜಾಗ ತೋರಿಸಿದವನು ಯೋಗರಾಜ್. ನಿನಗೆ ನೆನಪಿರಬೇಕು, ಪೇಪರ್ ಟೌನಿನ ಹುಡುಗ, ನಮ್ಮ ಬ್ರೌಸಿಂಗ್ ಸೆಂಟರಿನಲ್ಲಿ ದಿನವಿಡೀ ಕೂತು ಒಂದು ಗಂಟೆಯ ದುಡ್ಡು ಕೊಡುತ್ತಿದ್ದ. ಈಗ ಆ ಕಡೆಯ ದೇಶಗಳಲ್ಲಿ ಕಂಪನಿಗಳಿಗೆ ಜಾಗ ಹೊಂದಿಸಿಕೊಡುವ ದಲ್ಲಾಳಿ. "ಅಣ್ಣಾ, ನೀನು ಕಟ್ಟಡದ ಚಿಂತೆ ಮಾಡ್ಬೇಡ, ಪರ್ಮಿಶನ್ ಚಿಂತೆ ಮಾಡ್ಬೇಡ. ಹುಡುಗ್ರನ್ನ ಕಳ್ಸು ಮಾರಾಯ, ಉಳಿದಿದ್ದೆಲ್ಲ ನಮ್ದು" ಅಂದ. ಅಡಿಕೆ ಮಂಡಿಯಲ್ಲಿ ಕೂಲಿ ಹಮಾಲನೂ ನಂಬದ ಮಾತು ಅದು. ನಾನು ಆಗಸ್ಟಿನಲ್ಲಿ ವಿಮಾನ ಹತ್ತಿದೆ.

ಒಂದು ದೊಡ್ಡ ನದಿ, ಆಚೆ ಒಂದು ದೇಶ, ಈಚೆ ಒಂದು ದೇಶ. ನದಿಯ ದಂಡೆಯಲ್ಲಿ ಹೊಸದಾಗಿ ಎದ್ದ ಗಾಜಿನ ಊರು. ಯಾವ ದೇಶದ ಕಾನೂನು ಅಲ್ಲಿ ನಡೆಯುತ್ತದೆ ಅಂತ ಕೇಳಿದೆ, ಯೋಗರಾಜ್ ನಕ್ಕ. ನಮಗೆ ಕೊಡುವ ಮಹಡಿ ಚೊಕ್ಕವಾಗಿತ್ತು, ಕುರ್ಚಿಗಳ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಮೊದಲ ವರ್ಷ ಬಾಡಿಗೆ ಇಲ್ಲ. ಊಟ, ವಸತಿ, ವೀಸಾ ಆ ಜಾಗದ ಮಾಲೀಕರದೇ. ಅಂದಾಜುಪಟ್ಟಿ ಓದಿದೆ. ಕರೆಂಟಿಗಿಂತ, ಇಂಟರ್ನೆಟ್ಟಿಗಿಂತ ಹೆಚ್ಚು ಖರ್ಚು 'ಭದ್ರತೆ' ಅನ್ನುವ ಸಾಲಿನಲ್ಲಿತ್ತು.

ಅಲ್ಲಿಂದ ಮುಂದೆ ನನ್ನ ಕಣ್ಣು ತನ್ನ ಚಾಳಿ ಶುರು ಮಾಡಿತು. ಗೇಟಿನ ಕಾವಲಿನವರ ಕುರ್ಚಿಗಳು ರಸ್ತೆಗೆ ಬೆನ್ನು ಹಾಕಿ ಕಟ್ಟಡದ ಕಡೆ ಮುಖ ಮಾಡಿದ್ದವು. ಮಲಗುವ ಕೋಣೆಗಳ ಚಿಲಕ ಹೊರಗಡೆ ಇತ್ತು. ಆವರಣದ ಒಳಗೇ ಕ್ಷೌರದಂಗಡಿ, ಔಷಧಿ ಅಂಗಡಿ, ದಿನಸಿ, ಎಲ್ಲವೂ ಇತ್ತು. ಸೌಕರ್ಯ ಅಂತ ಯೋಗರಾಜ್ ಹೊಗಳಿದ. ಗೇಟು ದಾಟಿ ಹೊರಗೆ ಹೋಗುವ ಒಬ್ಬನನ್ನೂ ನಾನು ಕಾಣಲಿಲ್ಲ. ಕೆಳಗಿನ ಮಹಡಿಯ ಬಾಗಿಲು ಅರೆ ತೆರೆದಿತ್ತು. ಸಾಲು ಸಾಲು ಜನ, ಪ್ರತಿಯೊಬ್ಬರ ಮುಂದೆ ಹಲವು ಫೋನು. ತೆರೆಯ ಮೇಲೆ ಯಾರೋ ಚೆಂದದ ಹುಡುಗಿಯ ಫೋಟೋ, ಅವಳ ಹೆಸರಿನಲ್ಲಿ ಟೈಪ್ ಮಾಡುತ್ತಿದ್ದವನು ಗಡ್ಡ ಬಿಟ್ಟ ಹುಡುಗ. "ಅದು ಬೇರೆ ಕಂಪನೀದು ಅಣ್ಣಾ, ಡೇಟಿಂಗ್ ಆ್ಯಪ್" ಅಂತ ಯೋಗರಾಜ್ ಬಾಗಿಲು ಎಳೆದ.

ಕ್ಯಾಂಟೀನಿನಲ್ಲಿ ನಾನು ಫೋನಿನಲ್ಲಿ ಪ್ರಿಯಾ ಜೊತೆ ಮಾತಾಡುತ್ತಿದ್ದಾಗ ಅನ್ನ ಬಡಿಸುವ ಹೆಂಗಸು ಸೌಟು ಹಿಡಿದು ನಿಂತೇಬಿಟ್ಟಳು. ಮೂವತ್ತರ ಆಸುಪಾಸು. ತಟ್ಟೆ ನೋಡುತ್ತಲೇ, ತುಟಿ ಅಲುಗಿಸದೆ, "ಕನ್ನಡದವ್ರಾ ಸಾರ್? ನೀವ್ ವಾಪಸ್ ಹೋಗ್ತೀರಾ?" ಅಂದಳು. ಹೂಂ ಅಂದೆ. "ಅದೃಷ್ಟವಂತರು" ಅಂತ ಇನ್ನೊಂದು ಸೌಟು ಅನ್ನ ಹಾಕಿ ಮುಂದಿನವರ ತಟ್ಟೆಗೆ ಹೋದಳು.

ಇಷ್ಟಾದ ಮೇಲೂ ಸಹಿ ಹಾಕಿದಿರಾ ಅಂತ ಕೇಳುತ್ತೀಯ. ಹಾಕಿದೆ. ಡಿಸೆಂಬರು ಹತ್ತಿರ ಬರುತ್ತಿತ್ತು. ಆ ಅಂಗಡಿಯ ಕೆಲಸ ಕೈತಪ್ಪಿದರೆ ರವೀಂದ್ರನಗರದ ಎರಡೂ ಮಹಡಿಗೆ ಬೀಗ. ಆ ಹೆಂಗಸಿಗೆ ಮನೆ ನೆನಪು ಕಾಡುತ್ತಿರಬಹುದು ಅಂದುಕೊಂಡೆ. ಚಿಲಕ ಹೊರಗಿದ್ದರೆ ಬಡಗಿಯ ತಪ್ಪು ಇರಬಹುದು ಅಂದುಕೊಂಡೆ. ಸಹಿ ಮಾಡಿದ ದಿನ ಅವರು ನನ್ನಿಂದ ಮುಂಗಡ ಕೇಳಲಿಲ್ಲ, ನನಗೇ ಕೊಟ್ಟರು, ತಲೆಗೆ ಇಷ್ಟು ಅಂತ. ತರಬೇತಿಯ ಪ್ರೋತ್ಸಾಹಧನವಂತೆ. ನಮ್ಮ ಅಕೌಂಟೆಂಟ್ ಇದನ್ನು ಯಾವ ಹೆಡ್ಡಿಗೆ ಹಾಕಲಿ ಸಾರ್ ಅಂದ. ಸದ್ಯಕ್ಕೆ 'ಇತರೆ' ಅಂದೆ.

ಇನ್ನು ತಾಂಬೂಲದ ಕಥೆ. ನಮ್ಮ ಧಂದೆಯಲ್ಲಿ ಹುಡುಗರು ಆಫರ್ ಲೆಟರು ತೆಗೆದುಕೊಂಡು, ಸೇರುವ ದಿನ ಫೋನ್ ಆಫ್ ಮಾಡಿ ಬೇರೆ ಕಡೆ ಹೋಗುವುದು ಮಾಮೂಲು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ, ನಿನಗೆ ಗೊತ್ತಿಲ್ಲ. ಅಪ್ಪ ಅಮ್ಮಂದಿರನ್ನು ಕರೆಸಿ, ನಿಶ್ಚಿತಾರ್ಥದ ಹಾಗೆ ಎಲೆ ಅಡಿಕೆ ಬದಲಾಯಿಸಿಕೊಳ್ಳುವುದು. ಬಾಂಡ್ ಪೇಪರು ಹರಿಯುವ ಜನ ತಾಂಬೂಲದ ಮಾತು ಮುರಿಯುವುದಿಲ್ಲ. ಎರಡು ವರ್ಷದಿಂದ ಒಬ್ಬನೂ ಕೈ ಕೊಟ್ಟಿಲ್ಲ. ಹೋದ ತಿಂಗಳು ಭದ್ರಾವತಿಯ ಸಮುದಾಯ ಭವನದಲ್ಲಿ ಹದಿನೆಂಟು ಮನೆಯವರನ್ನೂ ಕೂರಿಸಿದೆ. ಎಲ್ಲ ಒಪ್ಪಿದರು. ಮಲ್ಲಿಕ್ ಅನ್ನುವ ಹುಡುಗನ ತಾಯಿ ನೂರ್‌ಜಾನ್ ಮಾತ್ರ ತಟ್ಟೆ ಮುಟ್ಟಲಿಲ್ಲ. "ಸಾಬ್, ನಿಮ್ಮನೆ ಮಗು ಹೋಗುತ್ತಾ?" ಅಂತ ಎಲ್ಲರೆದುರು ಕೇಳಿದಳು. ನನ್ನ ನಾಲಿಗೆ ನಿನಗೆ ಗೊತ್ತಲ್ಲ, ಖಾಲಿ ಬಿಟ್ಟ ಜಾಗ ಕಂಡರೆ ಸುಮ್ಮನಿರುವುದಿಲ್ಲ. "ನನ್ನ ಮಗಳೇ ಮುಂದೆ ನಿಂತು ಕರ್ಕೊಂಡ್ ಹೋಗ್ತಾಳೆ ತಾಯಿ" ಅಂದೆ. ಚಪ್ಪಾಳೆ ಬಿತ್ತು. ಪ್ರಿಯಾ ಅಲ್ಲೇ ಇದ್ದಳು, ಅವಳೂ ಚಪ್ಪಾಳೆ ತಟ್ಟಿದಳು. ನೂರ್‌ಜಾನ್ ಎಲೆ ಅಡಿಕೆ ತೆಗೆದುಕೊಂಡಳು.

ಈಗ ಫೋನಿನ ವಿಷಯ. ಸಹಿಯಾದ ಮೇಲೆ ಅವರು ನನ್ನ ಫೋನಿಗೂ ಪ್ರಿಯಾ ಫೋನಿಗೂ ಒಂದು ಆ್ಯಪ್ ಹಾಕಿಸಿದರು, ಕೆಲಸದ ಮಾಹಿತಿಗೆ ಅಂತ. ಹೋದ ವಾರ ಅಕೌಂಟೆಂಟ್ ಹತ್ತಿರ ಈ ಜಾಗದ ಬಗ್ಗೆ ಸ್ವಲ್ಪ ಅನುಮಾನದ ಮಾತಾಡಿದ್ದೆ. ಸಂಜೆಗೇ ಯೋಗರಾಜ್ ಫೋನ್ ಮಾಡಿ ಅದೇ ಮಾತನ್ನು ನನಗೇ ಹೇಳಿ ನಕ್ಕ. ಆಮೇಲೆ ಹುಡುಗಿಯರು ಎಷ್ಟು ಜನ, ಫೋಟೋ ಕಳಿಸು ಅಂದ. ಸೋಫಾದ ಕಾಲಿನ ದೂರು ಕೇಳಲು ಫೋಟೋ ಯಾಕೆ ಅಂತ ನಾನು ಕೇಳಲಿಲ್ಲ. ಕೊನೆಗೆ ಅವನು ಹೇಳಿದ ಮಾತು ಹಾಗೇ ಬರೆಯುತ್ತೇನೆ. "ನಿನ್ ಮಗಳು ಬರ್ತಿರೋದು ಒಳ್ಳೇದಾಯ್ತಣ್ಣ. ಅವ್ಳು ಇಲ್ಲಿದ್ರೆ ಮುಂದಿನ ಬ್ಯಾಚು ನೀನು ತಡ ಮಾಡಲ್ಲ."

ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ.

ನನಗೆ ಖಚಿತವಾಗಿ ಏನೂ ಗೊತ್ತಿಲ್ಲ, ತನುಜಾ. ಬರೀ ಅನುಮಾನದ ಮೇಲೆ ಇಡೀ ಬ್ಯಾಚು ನಿಲ್ಲಿಸಿದರೆ ಕಂಪನಿ ಮುಳುಗುತ್ತದೆ. ಅನುಮಾನದ ಮೇಲೆ ಒಬ್ಬಳನ್ನು ಉಳಿಸಿಕೊಳ್ಳುವುದಕ್ಕೆ ಅಷ್ಟು ಖರ್ಚಿಲ್ಲ. ನಾನೇ ಬೇಡ ಅಂದರೆ ಉಳಿದ ಮನೆಯವರು ಯಾಕೆ ಅನ್ನುತ್ತಾರೆ. ಪ್ರಿಯಾಗೆ ನಿಜ ಹೇಳಿದರೆ ಅವಳು ಎಲ್ಲರನ್ನೂ ನಿಲ್ಲಿಸುತ್ತಾಳೆ, ಆ ಗುಣ ನಿನ್ನ ಕಡೆಯದು. ಆದ್ದರಿಂದ ನೀನು ಶುಕ್ರವಾರ ಬೆಳಿಗ್ಗೆ ಎದೆನೋವು ಅಂತ ಮಲಗು. ಡಾಕ್ಟರ್ ಗಂಗಾಧರಪ್ಪನವರಿಗೆ ಹೇಳಿದ್ದೇನೆ, ದಾಖಲು ಮಾಡಿಕೊಳ್ಳುತ್ತಾರೆ. ತಾಯಿ ಆಸ್ಪತ್ರೆಯಲ್ಲಿದ್ದಾಗ ಮಗಳು ಹೊರಡಲಿಲ್ಲ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನನ್ನ ಮಾತೂ ಉಳಿಯುತ್ತದೆ.

ಆರು ವರ್ಷದಲ್ಲಿ ನಿನ್ನನ್ನು ಏನೂ ಕೇಳಿಲ್ಲ. ಇದೊಂದು.

ಇಂತಿ, ದಾಖಲೆಯಲ್ಲಿ ಇನ್ನೂ ನಿನ್ನ ಗಂಡನಾಗಿರುವ
ಶಿವರಾಜ್

ಮತ್ತೆ: ಆ ಹದಿನೆಂಟರಲ್ಲಿ ಮಲ್ಲಿಕ್‌ನನ್ನು ಮಾತ್ರ ಇವತ್ತೇ ಮುಂದೆ ಕಳಿಸಿಯಾಯಿತು. ಕಂಪ್ಯೂಟರ್ ಜೋಡಿಸಲು ಒಬ್ಬ ಬೇಕು ಅಂದರು. ಚುರುಕು ಹುಡುಗ, ಅಲ್ಲಿ ಏನಾದರೂ ಹೆಚ್ಚುಕಮ್ಮಿ ಇದ್ದರೆ ಅವನಿಂದ ತಿಳಿಯುತ್ತದೆ ಅಂತ ನಾನೂ ಹೂಂ ಅಂದೆ. ಇದನ್ನು ಓದಿ ಸುಟ್ಟುಬಿಡು.


ಹೊಸಮನೆ, ಭದ್ರಾವತಿ
ಗುರುವಾರ, 13 ನವೆಂಬರ್ 2025

ಶಿವರಾಜ್ ಅವರಿಗೆ,

ನನಗೆ ಎದೆನೋವು ಬರಲಿಲ್ಲ. ಗಂಗಾಧರಪ್ಪನವರಿಗೆ ಹಾಸಿಗೆ ಬೇರೆಯವರಿಗೆ ಕೊಡಲು ಹೇಳಿ.

ಸೋಮವಾರ ಸಂಜೆ ಪುಟ್ಟಣ್ಣ ಕವರು ಕೊಟ್ಟ. ಓದಿ, ಪ್ರಿಯಾಳನ್ನು ಕರೆಸಿದೆ. ಅವಳ ಫೋನನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಹಿತ್ತಿಲಲ್ಲಿ ಕೂರಿಸಿ, ನೀವು ಬರೆದದ್ದನ್ನು ಬಾಯಲ್ಲಿ ಹೇಳಿದೆ. ಅವಳು ಚಿಲಕದ ಬಗ್ಗೆ ಕೇಳಲಿಲ್ಲ, ಯೋಗರಾಜನ ಬಗ್ಗೆಯೂ ಕೇಳಲಿಲ್ಲ. "ಅಪ್ಪ ನನ್ನೊಬ್ಬಳನ್ನೇ ನಿಲ್ಸು ಅಂದ್ರಾ?" ಅಂತ ಒಂದೇ ಕೇಳಿದಳು. ಹೌದು ಅಂದೆ. ಮುಖ ತೊಳೆದು ಬಂದು ಸ್ಕೂಟರ್ ತೆಗೆದಳು.

ಮೊದಲು ಉಜ್ಜನಪ್ಪನವರ ಮನೆಗೆ ಹೋದೆವು. ಕಾರ್ಖಾನೆಯಿಂದ ನಿವೃತ್ತರಾದವರು, ಮೊಮ್ಮಗಳು ನಿಮ್ಮ ಬ್ಯಾಚಿನಲ್ಲಿದ್ದಾಳೆ. ಎಲ್ಲ ಕೇಳಿಸಿಕೊಂಡು, ಕಳಿಸುವುದಕ್ಕೆ ತಮಗೂ ಮನಸ್ಸಿಲ್ಲ ಅಂದರು. ಆದರೂ ಆಗುವುದಿಲ್ಲ ಅಂತ ತಲೆ ಆಡಿಸಿದರು. "ಏನ್ ಮಾಡೋದವ್ವ, ತಾಂಬೂಲ ತಗೊಂಡಾಗಿದೆ. ನಾನ್ ಮಾತು ಮುರ್ದೆ ಅಂತಾದ್ರೆ ನಾಳೆ ಈ ಹುಡುಗೀಗೆ ಗಂಡು ಕೇಳೋಕ್ ಹೋಗೋ ಹಂಗಿಲ್ಲ." ನಿಮ್ಮ ಉಪಾಯ ಎಷ್ಟು ಗಟ್ಟಿ ಅಂತ ಆಗ ಅರ್ಥವಾಯಿತು. ಜೀವಕ್ಕೆ ಹೆದರುವವರೂ ಅದಕ್ಕೆ ಹೆದರುತ್ತಿದ್ದಾರೆ.

ನಾನು ಸೆರಗೊಡ್ಡಿದೆ. ತಾಂಬೂಲ ಕೊಟ್ಟ ಮನೆಯ ಸೊಸೆ ನಾನು, ಕೊಟ್ಟವರೇ ವಾಪಸು ಕೇಳುತ್ತಿದ್ದೇವೆ, ಮಾತು ಮುರಿದದ್ದು ನಮ್ಮ ಮನೆ, ಆ ಕೆಟ್ಟ ಹೆಸರು ನಮ್ಮ ಮನೆಗೇ ಇರಲಿ ಅಂದೆ. ಅವರು ಎದ್ದು ಹೋದರು. ಆಮೇಲೆ ಒಳಗಿನಿಂದ ಎರಡು ಎಲೆ, ಒಂದು ಬಟ್ಟಲಡಿಕೆ ತಂದು ಸೆರಗಿಗೆ ಹಾಕಿದರು. ಆರು ವರ್ಷದಿಂದ ವಿಚ್ಛೇದನಕ್ಕೆ ಸಹಿ ಮಾಡದೆ ಉಳಿಸಿಕೊಂಡ ಹೆಂಡತಿಯ ಪಟ್ಟ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಎಲ್ಲ ಮನೆಯಲ್ಲೂ ಹಾಗೆ ಸುಲಭವಾಗಲಿಲ್ಲ. ಜನ್ನಾಪುರದಲ್ಲಿ ಒಬ್ಬ ತಾಯಿ, "ನಿಮ್ ಗಂಡ ಹೆಂಡ್ರ ಜಗಳಕ್ಕೆ ನನ್ ಮಗನ ಅನ್ನ ಯಾಕ್ ಕಿತ್ಕೊಳ್ತೀರಿ? ನೀವು ಟೀಚರಮ್ಮ, ತಿಂಗ್ಳಾದ್ರೆ ಸಂಬಳ" ಅಂತ ಬಾಗಿಲಲ್ಲೇ ನಿಲ್ಲಿಸಿದಳು. ಅವಳದು ಸುಳ್ಳಲ್ಲ. ಪ್ರಿಯಾ ಅಲ್ಲೇ ನಿಂತು ಆ ಹುಡುಗನ ಫೋನಿನಲ್ಲಿಯೇ ತನ್ನ ಟಿಕೆಟ್ ರದ್ದು ಮಾಡಿ ತೋರಿಸಿದಳು. ನಿನ್ನೆ ಮಧ್ಯಾಹ್ನದ ಹೊತ್ತಿಗೆ, ಒಂದು ಮನೆ ಬಿಟ್ಟು, ಎಲ್ಲ ಎಲೆ ಅಡಿಕೆಯೂ ಸೆರಗಿಗೆ ಬಂದಿದ್ದವು. ಶನಿವಾರ ಯಾರೂ ಹೊರಡುವುದಿಲ್ಲ.

ಆ ಒಂದು ಮನೆಗೆ ಕೊನೆಗೆ ಹೋದೆವು. ನೂರ್‌ಜಾನ್ ನಮ್ಮನ್ನು ಕಂಡು ಸಂತೋಷಪಟ್ಟಳು. ಮಗ ಕ್ಷೇಮವಾಗಿ ತಲುಪಿದ್ದಾನೆ, ಮೆಸೇಜು ಬಂದಿದೆ, ಓದಿ ಹೇಳಿ ಅಂತ ಫೋನು ಪ್ರಿಯಾ ಕೈಗೆ ಕೊಟ್ಟಳು. ಉದ್ದನೆಯ, ಒಂದೂ ತಪ್ಪಿಲ್ಲದ ಇಂಗ್ಲಿಷು. ಜಾಗ ಬಹಳ ಚೆನ್ನಾಗಿದೆ, ಊಟ ಚೆನ್ನಾಗಿದೆ, ಉಳಿದವರು ಬೇಗ ಬರಲಿ ಅಂತ ಇತ್ತು. ಪ್ರಿಯಾ ಓದಿ ಹೇಳಿದಳು. ಕೇಳಿ ಆಕೆಯ ಮುಖ ಸಣ್ಣಗಾಯಿತು. "ನಂಗೆ ಯಾವತ್ತೂ ಮಾತಾಡಿ ರೆಕಾರ್ಡ್ ಮಾಡೇ ಕಳಿಸ್ತಾನೆ ಟೀಚರ್. ಓದೋಕ್ ಬರಲ್ಲ ಅಂತ ಅವನಿಗ್ ಗೊತ್ತಲ್ಲ. ಇಂಗ್ಲಿಷಲ್ಲಿ ಯಾಕ್ ಬರ್ದ?" ಅಂತ ನನ್ನನ್ನು ಕೇಳಿದಳು. ವಾಪಸು ಕರೆ ಮಾಡಿದೆವು, ಎತ್ತಲಿಲ್ಲ. ಆಕೆಯ ತಾಂಬೂಲ ವಾಪಸು ಕೇಳುವ ಬಾಯಿ ನನಗಿರಲಿಲ್ಲ.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡಿದ್ದಾರೆ. ಅಲ್ಲಿನ ನಮ್ಮ ರಾಯಭಾರ ಕಚೇರಿಗೆ ಪ್ರಿಯಾ ಮೇಲ್ ಕಳಿಸಿದ್ದಾಳೆ, ಸ್ವೀಕರಿಸಿದ್ದೇವೆ ಅಂತ ತಾನಾಗಿ ಬರುವ ಉತ್ತರ ಬಂದಿದೆ. ಪೊಲೀಸರು ನಿಮಗೂ ಫೋನ್ ಮಾಡುತ್ತಾರೆ. ನನಗೆ ಬರೆದ ಹಾಗೇ ಅವರಿಗೂ ಹೇಳಿ, ಬಡಗಿಯ ಮೇಲೆ ಹಾಕಬೇಡಿ.

ನಿಮ್ಮ ಕಾಗದ ಸುಟ್ಟಿಲ್ಲ. ಯಾರಿಗೂ ತೋರಿಸಿಯೂ ಇಲ್ಲ. ನಾನು ಹೇಳಿದ್ದನ್ನು ಜನ ನಂಬಿದರು, ಅದು ಬೇಕಾಗಲಿಲ್ಲ. ಅದರಲ್ಲಿ ನೀವು ಆ ಅನ್ನ ಬಡಿಸುವ ಹೆಂಗಸಿನ ಹೆಸರು ಬರೆದಿಲ್ಲ. ಕೇಳಲೇ ಇಲ್ಲ ಅಂತ ಕಾಣುತ್ತದೆ.

ತನುಜಾ

ಮತ್ತೆ: ಇದನ್ನು ಮಡಿಸುವಾಗ ಯೋಗರಾಜ್ ಪ್ರಿಯಾಗೆ ಫೋನ್ ಮಾಡಿದ. ಸಿಟ್ಟೇನೂ ಇರಲಿಲ್ಲ, ಬಹಳ ಮರ್ಯಾದೆಯಿಂದ ಮಾತಾಡಿದ. ಬ್ಯಾಚು ಬರದಿದ್ದರೆ ಬೇಡ, ಮಲ್ಲಿಕ್‌ನನ್ನು ಬಿಡುತ್ತೇವೆ, ನಿಮ್ಮ ಮನೆಯವರು ಯಾರಾದರೂ ಖುದ್ದಾಗಿ ಬಂದು ಮುಂಗಡದ ಲೆಕ್ಕ ಮುಗಿಸಿ ಕರೆದುಕೊಂಡು ಹೋಗಲಿ ಅಂದ. ಪ್ರಿಯಾ ನಾನೇ ಬರುತ್ತೇನೆ ಅಂದುಬಿಟ್ಟಳು. ನಾನು ಫೋನು ಕಿತ್ತುಕೊಂಡು ನಿಮ್ಮ ಹೆಸರು ಹೇಳಿದೆ. ನಿಮ್ಮ ಹೆಸರಿನ ಶನಿವಾರದ ಟಿಕೆಟ್ಟಿನ ಪ್ರಿಂಟ್ ಈ ಕವರಿನಲ್ಲಿದೆ, ನೂರ್‌ಜಾನ್‌ಗೂ ತಿಳಿಸಿದ್ದೇನೆ. ವಾಪಸು ಬರುವಾಗಿನದು ತೆಗೆದಿಲ್ಲ. ಯಾವ ದಿನಕ್ಕೆ ಅಂತ ಕೇಳಿದ್ದಕ್ಕೆ ಯೋಗರಾಜ್ ಉತ್ತರ ಕೊಡಲಿಲ್ಲ.